ಮೂವರು ಅತಿಥಿಗಳು, ಒಬ್ಬರು ವಿಡಿಯೊ ಕಾಲ್‌ನಲ್ಲಿ: ಖರ್ಚು ಮೈಕ್‌ಗೆ ಮಾಡೋದಾ, ಪ್ರೊಜೆಕ್ಟರ್‌ಗಾ?

ಬಳಗದ ಸಂಚಾಲಕ
ಎಲ್ಲರಿಗೂ ನಮಸ್ಕಾರ. ನಮ್ಮದು ಓದುಗರ ಬಳಗ, ತಿಂಗಳಿಗೊಮ್ಮೆ ಸೇರುತ್ತೇವೆ. ಇಪ್ಪತ್ತು, ಇಪ್ಪತ್ತೈದು ಜನ ಸುತ್ತ ಕೂತು ಮಾತಾಡುವುದರಿಂದ ಇದುವರೆಗೆ ಮೈಕಿನ ಗೊಡವೆಯೇ ಇರಲಿಲ್ಲ. ಮುಂದಿನ ಸಭೆಗೆ ಮೂವರು ಅತಿಥಿಗಳು ಬರುತ್ತಿದ್ದಾರೆ. ಇಬ್ಬರು ಹಾಲ್‌ಗೇ ಬರುತ್ತಾರೆ, ಒಬ್ಬರು ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಾರೆ. ಎಪ್ಪತ್ತು ಎಂಬತ್ತು ಜನ ಸೇರಬಹುದು.

ಹಾಲ್ ಸುಮಾರು 14 ಮೀಟರ್ ಉದ್ದ, 8 ಮೀಟರ್ ಅಗಲ. ಅಲ್ಲಿರುವುದು ಎರಡು ಸ್ಪೀಕರ್ ಬಾಕ್ಸ್, ಮೈಕ್‌ಗಳ ಸದ್ದು ಬೆರೆಸುವ ಒಂದು ಚಿಕ್ಕ ಮಿಕ್ಸರ್, ವೈರ್ ಇರುವ ಎರಡು ಕೈ ಮೈಕ್, ಒಂದು ಹಳೇ ಪ್ರೊಜೆಕ್ಟರ್. ಏನಾದರೂ ಒಂದನ್ನು ಬಾಡಿಗೆಗೆ ತರುವಷ್ಟು ಹಣ ಇದೆ. ಸಮಿತಿಯಲ್ಲಿ ಅರ್ಧ ಜನ ದೊಡ್ಡ ಪ್ರೊಜೆಕ್ಟರ್ ತರೋಣ ಅನ್ನುತ್ತಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಬೇರೆ ಕಡೆ ಒಂದು ಕಾರ್ಯಕ್ರಮಕ್ಕೆ ಹೋಗಿದ್ದಾಗ ಆನ್‌ಲೈನ್ ಅತಿಥಿಗೆ ಅವರದೇ ಮಾತು ಮತ್ತೆ ಮತ್ತೆ ವಾಪಸ್ ಕೇಳಿಸಿ, ತಡವರಿಸಿ, ಕೊನೆಗೆ ಅವರು ಅರ್ಧಕ್ಕೇ ಮಾತು ನಿಲ್ಲಿಸಿಬಿಟ್ಟರು. ನಮ್ಮಲ್ಲಿ ಹಾಗಾಗಬಾರದು. ಅನುಭವ ಇರುವವರು ದಯವಿಟ್ಟು ಹೇಳಿ.

ತಂತಿಗಾರ
ಮೈಕ್. ಯೋಚನೆಯೇ ಬೇಡ.

ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ಮಾತು ಅರ್ಧಂಬರ್ಧ ಕೇಳಿದರೆ ಹತ್ತು ನಿಮಿಷಕ್ಕೆ ಮೊಬೈಲ್ ತೆಗೆಯುತ್ತಾರೆ. ಅತಿಥಿಯನ್ನು ಕರೆದಿರುವುದೇ ಅವರ ಮಾತು ಕೇಳಲು ಅಲ್ವಾ?

ನಿಮ್ಮ ಹಾಲ್‌ಗೆ ಆ ಎರಡು ಬಾಕ್ಸ್ ಸಾಕು, ಆದರೆ ಇಡುವ ಜಾಗ ಸರಿ ಇರಬೇಕು. ಬಾಕ್ಸ್‌ಗಳು ಮೈಕ್‌ಗಿಂತ ಮುಂದೆ, ಅಂದರೆ ಜನರ ಕಡೆಗೆ ಇರಬೇಕು. ಮಾತಾಡುವವರ ಬೆನ್ನ ಹಿಂದೆ ಬಾಕ್ಸ್ ಇಟ್ಟರೆ ಅದರ ಸದ್ದು ಮೈಕ್‌ಗೆ ಹೋಗುತ್ತದೆ, ಮೈಕ್‌ನಿಂದ ಮತ್ತೆ ಬಾಕ್ಸ್‌ಗೆ ಬರುತ್ತದೆ, ಕುಂಯ್ಯ್ ಅಂತ ಕೂಗುತ್ತದೆ. ಸ್ಟ್ಯಾಂಡ್ ಮೇಲೆ ಕೂತವರ ತಲೆಗಿಂತ ಎತ್ತರಕ್ಕೆ ಇಡಿ. ನೆಲದ ಮೇಲಿಟ್ಟರೆ ಮೊದಲ ಸಾಲಿನವರ ಕಿವಿಗೆ ಹಿಂಸೆ, ಹಿಂದಿನವರಿಗೆ ಮಾತಿನ ಬದಲು ಬರೀ ಗುಂಯ್‌ಗುಡುವಿಕೆ.

ಇನ್ನೊಂದು ವಿಷಯ. ಒಂದೇ ಹೊತ್ತಿಗೆ ಎಷ್ಟು ಮೈಕ್ ಆನ್ ಇವೆಯೋ ಅಷ್ಟು ತೊಂದರೆ. ತೆರೆದಿರುವ ಮೈಕ್‌ಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಕೂಗು ಶುರುವಾಗುವ ಮೊದಲು ಸಿಗುವ ಜೋರು 3 ಡೆಸಿಬೆಲ್ ಕಡಿಮೆಯಾಗುತ್ತದೆ. ಹಾಗಾಗಿ ಮಾತಾಡದವರ ಮೈಕ್ ಮುಚ್ಚಿಡಿ. ಮಿಕ್ಸರ್ ಮುಂದೆ ಒಬ್ಬರು ಪೂರ್ತಿ ಹೊತ್ತು ಕೂರಲೇಬೇಕು.

ಹಿಂದಿನ ಸಾಲು
ನಾನು ಶ್ರವಣ ಸಾಧನ ಹಾಕುವವಳು. ಈ ಪ್ರಶ್ನೆ ಕೇಳಿದ್ದಕ್ಕೆ ಸಂಚಾಲಕರಿಗೆ ಮನಸಾರೆ ಧನ್ಯವಾದ.

ದಯವಿಟ್ಟು ಒಂದು ನಿಯಮ ಮಾಡಿ. "ನನಗೆ ಮೈಕ್ ಬೇಡ, ನನ್ನ ಗಂಟಲು ಜೋರಾಗಿದೆ" ಅಂತ ಯಾರೇ ಹೇಳಿದರೂ ಬಿಡಬೇಡಿ. ಆ ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನಮ್ಮಂಥವರಿಗೆ ಅಲ್ಲಿಗೆ ಸಭೆ ಮುಗಿಯಿತು. ಜೋರಾಗಿ ಮಾತಾಡಿದರೆ ಸ್ವರಗಳು ಮಾತ್ರ ದೊಡ್ಡದಾಗಿ ಕೇಳುತ್ತವೆ, ಸ, ಶ, ತ, ಫ ಎಲ್ಲ ಹಾಲ್‌ನ ಗೋಡೆಗಳಲ್ಲಿ ಕಳೆದುಹೋಗುತ್ತವೆ. ಸಭಿಕರು ಪ್ರಶ್ನೆ ಕೇಳುವಾಗಲೂ ಅಷ್ಟೇ. ಅವರ ಕೈಗೂ ಮೈಕ್ ಹೋಗಬೇಕು, ಇಲ್ಲವಾದರೆ ಪ್ರಶ್ನೆಯನ್ನು ಯಾರಾದರೂ ಮೈಕ್‌ನಲ್ಲಿ ಮತ್ತೆ ಹೇಳಬೇಕು. ಬರೀ ಉತ್ತರ ಕೇಳಿ ಪ್ರಶ್ನೆ ಊಹಿಸುತ್ತಾ ಕೂರುವುದು ಎಷ್ಟು ಸುಸ್ತು ಅಂತ ನಿಮಗೆ ಗೊತ್ತಿಲ್ಲ.

ಹಾಲ್‌ನಲ್ಲಿ ಇಂಡಕ್ಷನ್ ಲೂಪ್, ಅಂದರೆ ಶ್ರವಣ ಸಾಧನಕ್ಕೆ ಧ್ವನಿ ಕಳಿಸುವ ತಂತಿಯ ಸುತ್ತು, ಇದೆಯಾ ಅಂತಲೂ ವಿಚಾರಿಸಿ. ಇದ್ದರೆ, ಅದನ್ನು ಹಿಡಿಯುವ ಟಿ-ಕಾಯಿಲ್ ಇರುವ ಸಾಧನಗಳಿಗೆ ಮಿಕ್ಸರ್‌ನ ಧ್ವನಿ ನೇರವಾಗಿ ಬರುತ್ತದೆ.

ಪರದೆ ಪ್ರೇಮಿ
ಎಲ್ಲರೂ ಮೈಕ್ ಮೈಕ್ ಅನ್ನುತ್ತಿದ್ದೀರಿ. ಅತಿಥಿ ಏನು ತೋರಿಸುತ್ತಾರೆ ಅಂತ ಯಾರೂ ಕೇಳಲಿಲ್ಲವಲ್ಲ! ಹಸ್ತಪ್ರತಿಯ ಫೋಟೊ, ನಕ್ಷೆ, ಅಂಕಿಗಳ ಕೋಷ್ಟಕ ಇದ್ದರೆ ಮಸುಕು ಚಿತ್ರ ಇಟ್ಟುಕೊಂಡು ಏನು ಮಾಡುತ್ತೀರಿ?

ಲೆಕ್ಕ ಸರಳ. ಕಡೇ ಸಾಲಿನ ದೂರವನ್ನು 6ರಿಂದ ಭಾಗಿಸಿದರೆ ಚಿತ್ರದ ಎತ್ತರ ಎಷ್ಟಿರಬೇಕು ಅಂತ ಗೊತ್ತಾಗುತ್ತದೆ. ನಿಮ್ಮ ಕಡೇ ಸಾಲು ಪರದೆಯಿಂದ 12 ಮೀಟರ್ ಅಂದುಕೊಳ್ಳಿ. ಆಗ 2 ಮೀಟರ್ ಎತ್ತರ ಬೇಕು, 16:9 ಚಿತ್ರಕ್ಕೆ ಅಗಲ ಸುಮಾರು 3.5 ಮೀಟರ್. ಆ ಹಳೇ ಪ್ರೊಜೆಕ್ಟರ್ ಅಷ್ಟು ದೊಡ್ಡ ಚಿತ್ರವನ್ನು ಬೆಳಕಿರುವ ಹಾಲ್‌ನಲ್ಲಿ ಹೊರಲಾರದು. ನನ್ನ ಮತ ಪ್ರೊಜೆಕ್ಟರ್‌ಗೆ.

ಮಿಕ್ಸರ್ ಮೂಲೆ
@ಪರದೆ ಪ್ರೇಮಿ ನಿಮ್ಮ ಲೆಕ್ಕ ಸರಿ, ತೀರ್ಮಾನ ಒಪ್ಪುವುದಿಲ್ಲ. ಹಾಲ್‌ನ ಎಲ್ಲ ದೀಪ ಯಾಕೆ ಉರಿಯಬೇಕು? ಪರದೆಯ ಮೇಲೆ ಬೀಳುವ ಮುಂದಿನ ಸಾಲಿನ ದೀಪ ಆರಿಸಿ, ಕಿಟಕಿ ಪರದೆ ಎಳೆದರೆ ಹಳೇ ಪ್ರೊಜೆಕ್ಟರ್ ಕೂಡ ಎಷ್ಟೋ ಚೆನ್ನಾಗಿ ಕಾಣುತ್ತದೆ. ಫಿಲ್ಟರ್‌ನಲ್ಲಿ ಧೂಳು ತುಂಬಿರುತ್ತದೆ, ಅದನ್ನು ತೆಗೆದು ಸ್ವಚ್ಛ ಮಾಡಿ. ಮೆನುವಿನಲ್ಲಿ ಬೆಳಕು ತಗ್ಗಿಸಿ ಕರೆಂಟ್ ಉಳಿಸುವ ಇಕೊ ಮೋಡ್ ಆನ್ ಇದ್ದರೆ ತೆಗೆಯಿರಿ. ಮೊದಲು ಇಷ್ಟು ಮಾಡಿ ನೋಡಲಿ, ಆಮೇಲೆ ಬಾಡಿಗೆ ಮಾತು.

ಪರದೆ ಪ್ರೇಮಿ
ಸರಿ, ಇಕೊ ಮೋಡ್ ಮಾತು ಒಪ್ಪಿದೆ. ಆದರೂ ಒಂದು ಸೇರಿಸುತ್ತೇನೆ. ಪ್ರೊಜೆಕ್ಟರನ್ನು ಎಲ್ಲೋ ಪಕ್ಕದಲ್ಲಿಟ್ಟು ಕೀಸ್ಟೋನ್ ಒತ್ತಿ ಚಿತ್ರವನ್ನು ಚೌಕ ಮಾಡುವ ಅಭ್ಯಾಸ ಬಿಡಿ. ಕೀಸ್ಟೋನ್ ಅಂದರೆ ಒಳಗಿನ ಪಿಕ್ಸೆಲ್‌ಗಳನ್ನೇ ಕತ್ತರಿಸಿ ಕುಗ್ಗಿಸುವುದು, ಸಣ್ಣ ಅಕ್ಷರ ಒರಟಾಗುತ್ತದೆ. ಮೇಜನ್ನೇ ಸರಿಸಿ ನಡುವಿಗೆ ತನ್ನಿ. ಥ್ರೋ ರೇಷಿಯೊ, ಅಂದರೆ ಪರದೆಗಿರುವ ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ, 1.5 ಇರುವ ಪ್ರೊಜೆಕ್ಟರ್ ಆದರೆ 3.5 ಮೀಟರ್ ಅಗಲಕ್ಕೆ ಪರದೆಯಿಂದ ಸುಮಾರು 5.25 ಮೀಟರ್ ದೂರ ಇಡಬೇಕು. ಕುರ್ಚಿ ಜೋಡಿಸುವ ಮೊದಲೇ ಈ ಜಾಗ ಗುರುತು ಮಾಡಿ. ಆಮೇಲೆ ಅಲ್ಲಿ ಕೂತವರನ್ನು ಎಬ್ಬಿಸುವುದು ಚೆನ್ನಾಗಿರಲ್ಲ.

ನೀಲಿ ಪೆನ್ನು
ಕಾಲರ್ ಮೈಕ್ ಬಾಡಿಗೆಗೆ ತನ್ನಿ. ಕೈ ಖಾಲಿ ಇರುತ್ತದೆ, ಅತಿಥಿ ಆರಾಮಾಗಿ ಓಡಾಡಿಕೊಂಡು ಮಾತಾಡಬಹುದು.

ತಂತಿಗಾರ
@ನೀಲಿ ಪೆನ್ನು ಇಲ್ಲಿ ನನ್ನದು ಖಡಾಖಂಡಿತ ವಿರೋಧ. ಕಾಲರ್ ಮೈಕ್ ಬಾಯಿಂದ ಒಂದು ಗೇಣಿನಷ್ಟು ಕೆಳಗಿರುತ್ತದೆ. ಬಾಯಿಗೂ ಮೈಕ್‌ಗೂ ದೂರ ಎರಡರಷ್ಟಾದರೆ ಮಾತು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಅದನ್ನು ಸರಿದೂಗಿಸಲು ವಾಲ್ಯೂಮ್ ಏರಿಸಬೇಕು, ಏರಿಸಿದರೆ ಕೂಗು. ಮೇಲಾಗಿ ಬಹಳಷ್ಟು ಕಾಲರ್ ಮೈಕ್‌ಗಳು ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುತ್ತವೆ. ಕ್ಯಾಮೆರಾ ಮುಂದೆ, ಸ್ಟುಡಿಯೊದಲ್ಲಿ ಚೆನ್ನ. ಸ್ಪೀಕರ್ ಇರುವ ಹಾಲ್‌ನಲ್ಲಿ ತಲೆನೋವು. ಅತಿಥಿ ಪರದೆ ಕಡೆ ತಿರುಗಿದ ಕೂಡಲೇ ಮಾತು ಬೇರೆ ಮಾಯ.

ಓದುಗಿ
ಕಾಲರ್ ಮೈಕ್ ಬಗ್ಗೆ ನನ್ನದೂ ಒಂದು ದೂರಿದೆ, ತಂತಿಗಾರರು ಹೇಳಿದ್ದಲ್ಲ, ಬೇರೆಯದು. ಅದರ ಟ್ರಾನ್ಸ್‌ಮಿಟರ್ ಡಬ್ಬಿ ಸಿಕ್ಕಿಸಲು ಬೆಲ್ಟ್ ಅಥವಾ ಜೇಬು ಬೇಕು. ಎಷ್ಟೋ ಹೆಣ್ಣುಮಕ್ಕಳ ಉಡುಪಿನಲ್ಲಿ ಎರಡೂ ಇರಲ್ಲ. ಭಾಷಣಕ್ಕೆ ಕರೆದಿದ್ದ ಒಂದು ಕಡೆ, ವೇದಿಕೆ ಹತ್ತುವ ಹೊತ್ತಿಗೆ ಒಬ್ಬರು ಬಂದು ಆ ಡಬ್ಬಿ ಎಲ್ಲಿ ಸಿಕ್ಕಿಸಲಿ ಅಂತ ನನ್ನ ಸುತ್ತ ಸುತ್ತಿದರು. ಎಲ್ಲರೂ ನೋಡುತ್ತಿದ್ದಾರೆ. ಕೊನೆಗೆ ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇಡೀ ಭಾಷಣ ಮಾಡಿದೆ. ಕೊರಳಿನ ಸರ ಮೈಕ್‌ಗೆ ತಾಗಿ ಪ್ರತಿ ಸಲ ತಲೆಯಾಡಿಸಿದಾಗ ಟಕ್ ಟಕ್ ಅಂತ ಸದ್ದು. ಮುಂಚೆಯೇ ಒಂದು ಮಾತು ಕೇಳಿದ್ದರೆ ಅದಕ್ಕೆ ತಕ್ಕಂತೆ ಬರುತ್ತಿದ್ದೆ.

ಮೈಕ್ ಯಾವುದೇ ಇರಲಿ, ಅತಿಥಿಗೆ ಮೊದಲೇ ತಿಳಿಸಿ. ಇದು ಬಹಳ ಮುಖ್ಯ.

ಹಿಂದಿನ ಸಾಲು
@ಓದುಗಿ ಇದು ನನಗೆ ಹೊಳೆದೇ ಇರಲಿಲ್ಲ. ಹೇಳಿದ್ದು ಒಳ್ಳೆಯದಾಯಿತು.

ನೀಲಿ ಪೆನ್ನು
ಹಾಗಾದರೆ ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ ಮೈಕ್? ಅದು ಬಾಯಿ ಪಕ್ಕದಲ್ಲೇ ಇರುತ್ತದಲ್ಲ.

ತಂತಿಗಾರ
ಅದು ಒಳ್ಳೆಯದೇ. ಆದರೆ ಅದಕ್ಕೂ ಅದೇ ಡಬ್ಬಿ ಬೇಕು. ಹಾಕಿ ಅಭ್ಯಾಸ ಇಲ್ಲದವರು ಪದೇಪದೇ ಮುಟ್ಟಿ ನೋಡುತ್ತಾರೆ. ನನ್ನ ಆಯ್ಕೆ: ಪೋಡಿಯಂ ಮೇಲೆ ಸ್ಟ್ಯಾಂಡ್‌ನಲ್ಲಿ ಹಾಲ್‌ನ ವೈರ್ ಮೈಕ್ ಒಂದು, ಬಾಡಿಗೆಗೆ ಎರಡು ಕಾರ್ಡ್‌ಲೆಸ್ ಕೈ ಮೈಕ್. ಅದರಲ್ಲಿ ಒಂದು ಓಡಾಡುವ ಅತಿಥಿಗೆ, ಇನ್ನೊಂದು ಪ್ರಶ್ನೆ ಕೇಳುವವರಿಗೆ. ಹಿಡಿಯುವುದು ಹೇಗೆ ಅಂತ ತೋರಿಸಿಕೊಡಿ. ಜಾಲರಿ ಸುತ್ತ ಮುಷ್ಟಿ ಕಟ್ಟಬಾರದು. ಮುಷ್ಟಿ ಕಟ್ಟಿದರೆ ಮುಂದಿನ ಸದ್ದನ್ನು ಮಾತ್ರ ಹಿಡಿಯಬೇಕಾದ ಮೈಕ್ ಸುತ್ತಲಿನದೆಲ್ಲ ಹಿಡಿಯತೊಡಗುತ್ತದೆ, ಆಗ ಕೂಗು ಗ್ಯಾರಂಟಿ.

ರಾತ್ರಿ ಪಾಳಿ
ಕಾರ್ಡ್‌ಲೆಸ್ ತರುವಾಗ 2.4 ಗಿಗಾಹರ್ಟ್ಸ್‌ದಾ, ಯುಎಚ್ಎಫ್‌ದಾ ಅಂತ ಕೇಳಿ, ಎರಡೂ ಬೇರೆ ಬೇರೆ ರೇಡಿಯೊ ತರಂಗಗಳು. 2.4ರಲ್ಲಿ ವೈ-ಫೈ, ಬ್ಲೂಟೂತ್ ಎಲ್ಲ ಓಡಾಡುತ್ತವೆ. ಖಾಲಿ ಹಾಲ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿ, ಎಂಬತ್ತು ಜನ ಮೊಬೈಲ್ ಸಮೇತ ಬಂದು ಕೂತ ಮೇಲೆ ಕಟ್ ಕಟ್ ಆಗುವುದು ಇದರಿಂದಲೇ. ಮನುಷ್ಯರ ಮೈ ಕೂಡ ಆ ಸಿಗ್ನಲನ್ನು ಹೀರುತ್ತದೆ. ರಿಸೀವರನ್ನು ಮೇಜಿನ ಕೆಳಗೆ ಬಚ್ಚಿಡಬೇಡಿ, ಮೈಕ್‌ಗೆ ನೇರ ಕಾಣುವ ಹಾಗೆ ಎತ್ತರದಲ್ಲಿಡಿ. ಸೆಲ್ ಆವತ್ತು ಹೊಸದೇ ಹಾಕಿ.

ಮಿಕ್ಸರ್ ಮೂಲೆ
ಲ್ಯಾಪ್‌ಟಾಪ್ ವಿಷಯಕ್ಕೆ ಯಾರೂ ಬಂದಿಲ್ಲ. ಜಾಸ್ತಿ ಹೊತ್ತು ಹಾಳಾಗುವುದು ಅಲ್ಲೇ. ಒಬ್ಬ ಅತಿಥಿ ಮುಗಿಸಿ ಇನ್ನೊಬ್ಬರು ತಮ್ಮ ಲ್ಯಾಪ್‌ಟಾಪ್ ಜೋಡಿಸುವಾಗ ನೀಲಿ ಪರದೆ, ಎಲ್ಲರೂ ಸುಮ್ನೆ ಕೂತು ನೋಡುವುದು. ಒಂದೇ ಲ್ಯಾಪ್‌ಟಾಪ್ ಇಡಿ. ಎಲ್ಲರ ಸ್ಲೈಡ್ ಹಿಂದಿನ ದಿನವೇ ತರಿಸಿ ಅದರಲ್ಲಿ ಹಾಕಿ.

ಓದುಗಿ
ಒಪ್ಪಲ್ಲ. ನನ್ನ ಟಿಪ್ಪಣಿ, ನನ್ನ ಫಾಂಟ್, ನನ್ನ ಕೀಬೋರ್ಡ್ ಎಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲಿ. ಬೇರೆಯವರ ಯಂತ್ರದಲ್ಲಿ ತೆರೆದರೆ ಅಕ್ಷರವೆಲ್ಲ ಖಾಲಿ ಚೌಕವಾಗಿ, ಸಾಲು ಮುರಿದು, ಚಿತ್ರ ಮೇಲೆ ಬಿದ್ದು ಏನೇನೋ ಆಗುತ್ತದೆ. ಅತಿಥಿಗೆ ಅವರಿಗೆ ಗೊತ್ತಿರುವ ಯಂತ್ರ ಕೊಡುವುದು ಮರ್ಯಾದೆ.

ಮಿಕ್ಸರ್ ಮೂಲೆ
@ಓದುಗಿ ಮೇಡಂ, ಅದಕ್ಕೇ ಫಾಂಟ್ ಫೈಲ್‌ನೊಳಗೇ ಸೇರಿಸಿ ಉಳಿಸಲು ಹೇಳುವುದು, ಜೊತೆಗೆ ಒಂದು ಪಿಡಿಎಫ್ ಕೂಡ. ಪಿಡಿಎಫ್ ಎಲ್ಲಿ ತೆರೆದರೂ ಒಂದೇ ಥರ ಕಾಣುತ್ತದೆ. ಸ್ವಂತ ಲ್ಯಾಪ್‌ಟಾಪೇ ಬೇಕು ಅನ್ನುವವರು ಅರ್ಧ ಗಂಟೆ ಮೊದಲು ಬಂದು ಜೋಡಿಸಿ ನೋಡಲಿ. ವೇದಿಕೆ ಮೇಲೆ ಮೊದಲ ಸಲ ಜೋಡಿಸುವುದು ಮಾತ್ರ ಬೇಡವೇ ಬೇಡ.

ಸಂಚಾಲಕರೇ, ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಒಂದು ಅಡಾಪ್ಟರ್ ಇಟ್ಟುಕೊಳ್ಳಿ. ಆದರೆ ಯುಎಸ್‌ಬಿ-ಸಿ ರಂಧ್ರ ಇದ್ದ ಮಾತ್ರಕ್ಕೆ ಚಿತ್ರ ಹೊರಗೆ ಬರುತ್ತದೆ ಅಂತಿಲ್ಲ. ಕೆಲವು ಬರೀ ಚಾರ್ಜ್ ಮತ್ತು ಡೇಟಾಗೆ. ಎಚ್‌ಡಿಎಂಐ ಕೇಬಲ್ ಆದಷ್ಟೂ ಚಿಕ್ಕದಿರಲಿ. ಸಾದಾ ತಾಮ್ರದ ಕೇಬಲ್ 15 ಮೀಟರ್ ಹತ್ತಿರ ಬಂದರೆ ಚಿತ್ರ ಮಿಣುಕಲು ಶುರು.

ಮತ್ತೆ ಅತಿಥಿ ವಿಡಿಯೊ ತುಣುಕು ತೋರಿಸುತ್ತಾರಾ ಅಂತ ಕೇಳಿ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ರಂಧ್ರದಿಂದ ಯಾವುದೋ ಒಂದು ವೈರ್ ಎಳೆದು ನೇರ ಮಿಕ್ಸರ್‌ನ ಮೈಕ್ ಚಾನೆಲ್‌ಗೆ ಸಿಕ್ಕಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಒಂದು ಕಡೆ ಸಾಕ್ಷ್ಯಚಿತ್ರದ ತುಣುಕು ಹಾಕಿದರು, ಹಿನ್ನೆಲೆ ಸಂಗೀತ ಕೇಳುತ್ತಿದೆ, ತುಟಿ ಅಲ್ಲಾಡುತ್ತಿದೆ, ಮಾತೇ ಇಲ್ಲ! ಫೈಲ್ ಕೆಟ್ಟಿದೆ ಅಂದುಕೊಂಡರು. ಆಗಿದ್ದೇನು ಅಂದರೆ, ಮೈಕ್ ಚಾನೆಲ್ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಸ್ಟೀರಿಯೊದ ಎಡ ಒಂದು ತಂತಿಗೆ, ಬಲ ಇನ್ನೊಂದಕ್ಕೆ ಬಂದಾಗ ಎರಡರಲ್ಲೂ ಒಂದೇ ಥರ ಇರುವ ಮಾತು ಕಳೆದು ಸೊನ್ನೆಯಾಗುತ್ತದೆ. ಎಡ, ಬಲ ಬೇರೆ ಬೇರೆ ಮಾಡುವ ಕೇಬಲ್ ತಂದು ಸ್ಟೀರಿಯೊ ಲೈನ್ ಚಾನೆಲ್‌ಗೆ ಕೊಡಿ. ಇಲ್ಲವೇ ಲ್ಯಾಪ್‌ಟಾಪ್‌ನ ಸದ್ದನ್ನು ಮೈಕ್ ಚಾನೆಲ್‌ಗೆ ಹೊಂದುವಂತೆ ಮಾಡುವ ಸ್ಟೀರಿಯೊ ಡಿಐ ಬಾಕ್ಸ್ ಬಳಸಿ.

ಸಂಜೆ ವಾಕ್
ಡಿಐ ಬಾಕ್ಸ್ ಎಲ್ಲ ಯಾಕೆ? ಲ್ಯಾಪ್‌ಟಾಪ್ ಜೋಡಿಸಿದಾಗ ಗುಂಯ್ ಅಂದರೆ ಪ್ಲಗ್‌ನ ಅರ್ಥ್ ಪಿನ್ ಕಿತ್ತರೆ ಆಯಿತು. ನಮ್ಮಲ್ಲಿ ಹಾಗೇ ಮಾಡೋದು.

ರಾತ್ರಿ ಪಾಳಿ
@ಸಂಜೆ ವಾಕ್ ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಅರ್ಥ್ ಪಿನ್ ಇರುವುದು ಜೀವ ಉಳಿಸಲು. ಒಳಗೆ ಎಲ್ಲಾದರೂ ಸೋರಿಕೆ ಆದರೆ ಮಿಕ್ಸರ್‌ನ, ಮೈಕ್‌ನ ಲೋಹದ ಮೈಗೇ ಕರೆಂಟ್ ಬರುತ್ತದೆ. ಆ ಮೈಕ್ ಹಿಡಿದು ನಿಂತಿರುವವರು ನಿಮ್ಮ ಅತಿಥಿ.

ಆ ಗುಂಯ್ 50 ಅಥವಾ 60 ಹರ್ಟ್ಸ್‌ನ ಕರೆಂಟಿನದೇ ಸದ್ದು. ಎರಡು ಬೇರೆ ಬೇರೆ ಕಡೆಯಿಂದ ಅರ್ಥ್ ಸಿಕ್ಕಿದಾಗ ಅದು ಸುತ್ತು ಹಾಕುತ್ತದೆ. ಮೊದಲು ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಕಾರಣ ಗೊತ್ತಾಯಿತು. ಲ್ಯಾಪ್‌ಟಾಪನ್ನೂ ಮಿಕ್ಸರನ್ನೂ ಒಂದೇ ಸಾಕೆಟ್‌ನಿಂದ ಬಂದ ಬೋರ್ಡ್‌ಗೆ ಹಾಕಿ. ಆಗಲೂ ಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್, ಅದರಲ್ಲಿ ಗ್ರೌಂಡ್ ಲಿಫ್ಟ್ ಅನ್ನುವ ಸ್ವಿಚ್ ಇರುತ್ತದೆ. ಅದು ಸಿಗ್ನಲ್‌ನ ಕಡೆ ಮಾತ್ರ ಬಿಡಿಸುತ್ತದೆ, ಕರೆಂಟ್ ಕಡೆಯ ಅರ್ಥ್ ಹಾಗೇ ಇರುತ್ತದೆ.

ಸಂಜೆ ವಾಕ್
ಇಷ್ಟು ಅಪಾಯ ಅಂತ ಯಾರೂ ಹೇಳಿರಲಿಲ್ಲ. ನಮ್ಮ ಹಾಲ್‌ನವರಿಗೆ ಇವತ್ತೇ ಹೇಳುತ್ತೇನೆ.

ಬಳಗದ ಸಂಚಾಲಕ
ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೇನೆ. ನನ್ನ ದೊಡ್ಡ ಭಯ ಆ ಆನ್‌ಲೈನ್ ಅತಿಥಿಯದು. ಅವರ ಮಾತು ಅವರಿಗೇ ವಾಪಸ್ ಹೋಗದ ಹಾಗೆ ಏನು ಮಾಡಬೇಕು? ನಮ್ಮ ಮಿಕ್ಸರ್‌ನಲ್ಲಿ ಪ್ರತಿ ಚಾನೆಲ್‌ಗೆ 'ಆಕ್ಸ್' ಅಂತ ಒಂದು ಗುಂಡಿ ಇದೆ, ಅದು ಇದಕ್ಕೆ ಬರುತ್ತದಾ?

ಮಿಕ್ಸರ್ ಮೂಲೆ
ಅದೇ ಬೇಕಾಗಿರುವುದು! ನಿಧಾನಕ್ಕೆ ಹೇಳುತ್ತೇನೆ.

ನಿಮ್ಮ ಮಿಕ್ಸರ್ ಎರಡು ಬೇರೆ ಬೇರೆ ಮಿಶ್ರಣ ಮಾಡಬಲ್ಲದು. ಮುಖ್ಯ ಮಿಶ್ರಣ ಹಾಲ್‌ನ ಬಾಕ್ಸ್‌ಗಳಿಗೆ ಹೋಗುತ್ತದೆ, ಅದರಲ್ಲಿ ಎಲ್ಲರೂ ಇರಬೇಕು. ಆಕ್ಸ್ ಮಿಶ್ರಣ ಆನ್‌ಲೈನ್ ಅತಿಥಿಗೆ ಹೋಗಬೇಕು, ಅದರಲ್ಲಿ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಇರಬೇಕು. ಇದನ್ನೇ ಮಿಕ್ಸ್-ಮೈನಸ್ ಅನ್ನುವುದು. ಕಾಲ್ ನಡೆಯುವ ಲ್ಯಾಪ್‌ಟಾಪ್‌ನ ಧ್ವನಿ ಒಂದು ಚಾನೆಲ್‌ಗೆ ಬರಲಿ. ಆ ಚಾನೆಲ್‌ನ ಆಕ್ಸ್ ಗುಂಡಿ ಪೂರ್ತಿ ಸೊನ್ನೆಗೆ. ಮೈಕ್ ಚಾನೆಲ್‌ಗಳ ಆಕ್ಸ್ ಗುಂಡಿ ಅರ್ಧದಷ್ಟು ತಿರುಗಿಸಿ. ಆಕ್ಸ್ ಔಟ್‌ನಿಂದ ಕೇಬಲ್ ಎಳೆದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಅನ್ನುವ, ಸದ್ದನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಡಬ್ಬಿಗೆ ಕೊಡಿ, ಅಲ್ಲಿಂದ ಲ್ಯಾಪ್‌ಟಾಪ್‌ಗೆ. ಲ್ಯಾಪ್‌ಟಾಪ್‌ನ ಹೆಡ್‌ಸೆಟ್ ರಂಧ್ರಕ್ಕೆ ನೇರವಾಗಿ ಕೊಡಬೇಡಿ. ಅದು ಮೈಕ್‌ನ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಆಕ್ಸ್‌ನ ಜೋರಿಗೆ ಮಾತು ಒಡೆದು ಗರಗರ ಅನ್ನುತ್ತದೆ.

ಇಷ್ಟಾದರೂ ಅತಿಥಿಯ ಧ್ವನಿ ಬಾಕ್ಸ್‌ನಿಂದ ಹೊರಟು ಗಾಳಿಯಲ್ಲಿ ಬಂದು ಹಾಲ್‌ನ ಮೈಕ್‌ಗೆ ಬೀಳುತ್ತದೆ. ಅದಕ್ಕೇ ಅವರು ಮಾತಾಡುವಾಗ ಹಾಲ್‌ನ ಮೈಕ್ ತಗ್ಗಿಸಿ. ಕಾಲ್‌ನ ಆ್ಯಪ್‌ನಲ್ಲಿ ಪ್ರತಿಧ್ವನಿ ತಡೆಯುವ ಸೌಲಭ್ಯ ಇರುತ್ತದೆ, ಅದನ್ನು ಆರಿಸಬೇಡಿ.

ರಾತ್ರಿ ಪಾಳಿ
ಇದಕ್ಕೆ ಇನ್ನೊಂದು ಸೇರಿಸಿ. ಸಭಿಕರಲ್ಲಿ ಯಾರೋ ಒಬ್ಬರು ಮೊಬೈಲ್‌ನಿಂದ ಅದೇ ಕಾಲ್‌ಗೆ ಸೇರಿರುತ್ತಾರೆ. ಅವರ ಮೊಬೈಲ್ ಸ್ಪೀಕರ್ ಆನ್. ಮುಗೀತು, ಮಿಕ್ಸರ್‌ನಲ್ಲಿ ಏನೇ ಸರಿ ಮಾಡಿದರೂ ಪ್ರತಿಧ್ವನಿ ಹೋಗಲ್ಲ. ಹಾಲ್‌ನೊಳಗೆ ಒಂದೇ ಒಂದು ಯಂತ್ರದ ಧ್ವನಿ ಕಾಲ್‌ಗೆ ಸೇರಿರಬೇಕು, ಶುರುವಿನಲ್ಲೇ ಇದನ್ನು ಎಲ್ಲರಿಗೂ ಹೇಳಿ. ಇಂಟರ್‌ನೆಟ್‌ಗೆ ಆ ಲ್ಯಾಪ್‌ಟಾಪ್‌ಗೆ ಕೇಬಲ್ಲೇ ಹಾಕಿ, ವೈ-ಫೈ ನಂಬಬೇಡಿ. ಸಂಪರ್ಕ ಪೂರ್ತಿ ಕಡಿದರೆ ಅಂತ ಅತಿಥಿಯ ಫೋನ್ ನಂಬರ್ ಮಿಕ್ಸರ್ ಮುಂದೆ ಕೂತವರ ಬಳಿ ಇರಲಿ. ಸಾದಾ ಫೋನ್ ಕರೆಯಾದರೂ ಮಾತು ಮುಂದುವರಿಯುತ್ತದೆ.

ನೀಲಿ ಪೆನ್ನು
ಅವರ ಮುಖ ಪರದೆ ಮೇಲೆ ಕಾಣುತ್ತದೆ, ಸರಿ. ಅವರಿಗೆ ಏನು ಕಾಣುತ್ತದೆ? ಸಾಮಾನ್ಯವಾಗಿ ಯಾರದೋ ಬೆನ್ನು, ಹಾಲ್‌ನ ಮೇಲ್ಛಾವಣಿ. ಒಂದು ಕ್ಯಾಮೆರಾವನ್ನು ಜನರ ಕಡೆ ತಿರುಗಿಸಿ ಇಡಿ. ಕೇಳುವವರ ಮುಖ ಕಂಡರೆ ಮಾತಾಡುವವರಿಗೆ ಧೈರ್ಯ ಬರುತ್ತದೆ.

ಪರದೆ ಪ್ರೇಮಿ
ರೆಕಾರ್ಡಿಂಗ್ ಮಾಡುತ್ತೀರಾ? ಮಾಡುವುದಾದರೆ ಅತಿಥಿಗಳ ಒಪ್ಪಿಗೆ ಮೊದಲೇ ಪಡೆಯಿರಿ. ಹಿಂದಿನ ಗೋಡೆಗೆ ಒರಗಿಸಿದ ಕ್ಯಾಮೆರಾದ ಸ್ವಂತ ಮೈಕ್ ನಂಬಬೇಡಿ, ಅದರಲ್ಲಿ ಕೆಮ್ಮು, ಕುರ್ಚಿ ಎಳೆಯುವ ಸದ್ದೇ ಜಾಸ್ತಿ. ಮಿಕ್ಸರ್‌ನಿಂದ ಒಂದು ಚಿಕ್ಕ ರೆಕಾರ್ಡರ್‌ಗೆ ಧ್ವನಿ ಕೊಡಿ. ಫೋಟೊ ಕ್ಯಾಮೆರಾ ಬಳಸುತ್ತಿದ್ದರೆ ಇದನ್ನೂ ನೋಡಿಕೊಳ್ಳಿ: ಹಳೇ ಮಾಡೆಲ್‌ಗಳು ಹಲವು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ಮಾತಿನ ನಡುವೆ ನಿಂತಿದ್ದು ಯಾರಿಗೂ ಗೊತ್ತಾಗಲ್ಲ.

ಸಂಜೆ ವಾಕ್
ಹಾಲ್ ಉದ್ದ ಇದೆ ಅಂತೀರಿ. ಹಿಂದೆ ಇನ್ನೆರಡು ಬಾಕ್ಸ್ ಇಟ್ಟರೆ?

ತಂತಿಗಾರ
@ಸಂಜೆ ವಾಕ್ ಬೇಡ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮುಂದಿನ ಬಾಕ್ಸ್‌ನ ಸದ್ದು 10 ಮೀಟರ್ ದಾಟಿ ಬರುವಷ್ಟರಲ್ಲಿ ಹಿಂದಿನ ಬಾಕ್ಸ್‌ನದು ಕಿವಿಗೆ ಬಂದಾಗಿರುತ್ತದೆ. ಅತಿಥಿ ಎದುರಿಗಿದ್ದರೂ ಮಾತು ಬೆನ್ನ ಹಿಂದಿನಿಂದ ಬಂದ ಹಾಗನ್ನಿಸುತ್ತದೆ. ಹಿಂದಿನ ಬಾಕ್ಸ್ ಇಡುವುದಾದರೆ ಅದರ ಸದ್ದು ತುಸು ತಡವಾಗಿ ಹೊರಡುವಂತೆ ಲೆಕ್ಕ ಹಾಕಿ ಡಿಲೇ ಕೊಡಬೇಕು. 14 ಮೀಟರ್‌ಗೆ ಆ ಕಷ್ಟ ಬೇಕಿಲ್ಲ. ಎರಡು ಬಾಕ್ಸನ್ನು ಎತ್ತರಿಸಿ, ಸ್ವಲ್ಪ ಒಳಮುಖ ಮಾಡಿ, ಹಿಂದಿನ ಸಾಲುಗಳಿಗೆ ಗುರಿ ಹಿಡಿಯಿರಿ.

ಬಳಗದ ಸಂಚಾಲಕ
ಸಮಿತಿಯವರಿಗೆ ಈ ಚರ್ಚೆ ಓದಿಸಿದೆ. ಪ್ರೊಜೆಕ್ಟರ್ ಅನ್ನುತ್ತಿದ್ದವರೂ ಒಪ್ಪಿದರು. ಯುಎಚ್ಎಫ್ ಕಾರ್ಡ್‌ಲೆಸ್ ಕೈ ಮೈಕ್ ಎರಡು ಬಾಡಿಗೆಗೆ ತರುತ್ತೇವೆ. ಯುಎಸ್‌ಬಿ ಇಂಟರ್‌ಫೇಸ್ ಸದಸ್ಯರೊಬ್ಬರ ಬಳಿ ಇದೆ. ಪ್ರೊಜೆಕ್ಟರ್ ಫಿಲ್ಟರ್ ತೆಗೆದು ನೋಡಿದರೆ ಬೂದು ಬಣ್ಣದ ಧೂಳು ಹಾಸಿಗೆಯ ಹಾಗೆ ಕೂತಿತ್ತು, ಸ್ವಚ್ಛ ಮಾಡಿ, ಮುಂದಿನ ದೀಪ ಆರಿಸಿ ನೋಡಿದೆವು. ಕಡೇ ಸಾಲಿನಿಂದ ಓದಬಹುದು.

ಒಂದು ಪ್ರಶ್ನೆ ಉಳಿದಿದೆ. ಅತಿಥಿಗಳಿಗೆ ಮೊದಲೇ ಏನೇನು ಕೇಳಲಿ? ಒಬ್ಬರಂತೂ ತುಂಬ ಹಿರಿಯರು, ಪ್ರಶ್ನೆಗಳ ದೊಡ್ಡ ಪಟ್ಟಿ ಕಳಿಸಲು ಸಂಕೋಚ.

ಓದುಗಿ
ಸಂಕೋಚ ಬೇಡ, ಕೇಳಿದರೆ ಅವರಿಗೆ ಸಂತೋಷವೇ ಆಗುತ್ತದೆ. ಹಿರಿಯರಿಗೆ ಫೋನ್ ಮಾಡಿಯೇ ಮಾತಾಡಿ. ನಿಂತು ಮಾತಾಡುತ್ತೀರಾ, ಕೂತಾ? ಏನಾದರೂ ತೋರಿಸುವುದಿದೆಯಾ, ಅದರಲ್ಲಿ ಧ್ವನಿ ಇದೆಯಾ? ಲ್ಯಾಪ್‌ಟಾಪ್ ನೀವೇ ತರುತ್ತೀರಾ, ನಮ್ಮದರಲ್ಲಿ ಹಾಕಲಾ? ಕೈಯಲ್ಲಿ ಮೈಕ್ ಹಿಡಿಯುವುದು ಕಷ್ಟವಾಗುತ್ತದಾ? ಈ ಕೊನೆಯದನ್ನು ಮರೆಯಬೇಡಿ. ಕೈ ನಡುಗುವವರು ಬಾಯಿಬಿಟ್ಟು ಹೇಳಲ್ಲ. ಅಂಥವರಿಗೆ ಸ್ಟ್ಯಾಂಡ್ ಮೈಕ್, ಪಕ್ಕದಲ್ಲಿ ಒಂದು ಕುರ್ಚಿ.

ಹಿಂದಿನ ಸಾಲು
ಮೈಕ್ ಪರೀಕ್ಷೆ ಮಾಡುವಾಗ "ಹಲೋ ಹಲೋ, ಒಂದು ಎರಡು ಮೂರು" ಅಂತ ಬಿಡಬೇಡಿ. ಅತಿಥಿಯೇ ತಮ್ಮ ಭಾಷಣದ ಮೊದಲ ಕೆಲವು ಸಾಲು ಓದಲಿ, ಬಳಗದ ಒಬ್ಬರು ಕಡೇ ಸಾಲಿನ ಮೂಲೆ ಕುರ್ಚಿಯಲ್ಲಿ ಕೂತು ಕೇಳಲಿ.

ಮಿಕ್ಸರ್ ಮೂಲೆ
ವಿಡಿಯೊ ತುಣುಕು ಇದ್ದರೆ ಲಿಂಕ್ ಬೇಡ, ಫೈಲನ್ನೇ ತರಿಸಿಕೊಳ್ಳಿ. ಆನ್‌ಲೈನ್ ಅತಿಥಿ ತಮ್ಮ ಕಡೆಯಿಂದ ತೋರಿಸುವುದಾದರೆ, ಪರದೆ ಹಂಚುವಾಗ ಧ್ವನಿಯನ್ನೂ ಹಂಚುವ ಗುರುತು ಹಾಕಬೇಕು ಅಂತ ಪರೀಕ್ಷೆ ಮಾಡುವಾಗಲೇ ತೋರಿಸಿಕೊಡಿ. ಮತ್ತೆ ಆವತ್ತು ಎಲ್ಲ ಆನ್ ಮಾಡುವಾಗ ಬಾಕ್ಸ್‌ಗಳ ಸ್ವಿಚ್ ಕೊನೆಗೆ, ಆರಿಸುವಾಗ ಮೊದಲು. ಇಲ್ಲದಿದ್ದರೆ ಧಡ್ ಅಂತ ಬಡಿದು ಸ್ಪೀಕರ್ ಹಾಳಾಗುತ್ತದೆ.

ರಾತ್ರಿ ಪಾಳಿ
ಓಡಾಡುವ ದಾರಿಯಲ್ಲಿ ಕೇಬಲ್ ಹಾಯ್ದರೆ ಉದ್ದಕ್ಕೂ ಗ್ಯಾಫರ್ ಟೇಪ್ ಅನ್ನುವ ಬಟ್ಟೆಯ ಟೇಪ್ ಅಂಟಿಸಿ, ಪ್ಯಾಕಿಂಗ್ ಟೇಪ್ ಬೇಡ. ಅದರ ಅಂಟು ಕೇಬಲ್ಲಿಗೂ ನೆಲಕ್ಕೂ ಹಾಗೇ ಉಳಿಯುತ್ತದೆ. ಸಭೆ ಯಾವಾಗ ಸಂಚಾಲಕರೇ? ಮಿಕ್ಸರ್ ಮುಂದೆ ಕೂರುವವರು ಯಾರು ಅಂತ ಇನ್ನೂ ಹೇಳಿಲ್ಲ. ನಿರೂಪಣೆ ಮಾಡುವವರಿಗೇ ಆ ಕೆಲಸವನ್ನೂ ಹೊರಿಸಬೇಡಿ.